ಅಳತೆಗೆ ಬಿಟ್ಟ ಮಣ್ಣು

ಗಂಡನ ಹಿಮ್ಮಡಿಯ ಬಿರುಕುಗಳನ್ನು ಮುದುಕಿ ಒದ್ದೆ ಬಟ್ಟೆಯಿಂದ ಮೂರನೆಯ ಸಲ ಒರೆಸುತ್ತಿದ್ದಳು. ಮಣ್ಣಿನ ಬಣ್ಣ ಬಿಡಲೊಲ್ಲದು. ಕೆಲಸ ಬಿಟ್ಟು ಹದಿನೈದು ವರ್ಷವಾದರೂ ರೈಲುದಾರಿಯ ಮಣ್ಣು ಅಲ್ಲಿಂದ ಕದಲಿರಲಿಲ್ಲ. ಸಾಕು ಬಿಡಮ್ಮ, ಚರ್ಮ ಕಿತ್ತು ಬರುತ್ತೆ ಎಂದು ಮಗಳು ಕೈ ಹಿಡಿದಳು. ಅಷ್ಟರಲ್ಲಿ ರೈಲ್ವೆ ಗೇಟು ಕಾಯುವವನು ಸ್ಮಶಾನದ ಕಡೆಯಿಂದ ಬಂದು, ಹೊಸಿಲಾಚೆಯೇ ನಿಂತು ತಲೆ ಕೆರೆದುಕೊಂಡ.

"ಗುಂಡಿ ಆಯ್ತು ಕಣಮ್ಮ. ಆದ್ರೆ ನಡುವೆ ಒಂದು ಕಂಬ ನಿಂತ್ಬಿಟ್ಟಿದೆ."

ಎಂಥ ಕಂಬ ಎಂದು ಮಗಳು ಕೇಳಿದಳು.

"ಮಣ್ಣಿಂದು. ಎಡಚಣ್ಣ ಸುತ್ತ ಅಗೆದು ನಡುವೆ ಬಿಟ್ಟಿದ್ದಾನೆ. ಕೆಡವೋಕೆ ಹೋದ್ರೆ, ಅಳತೆ ಆಗೋವರೆಗೂ ಮುಟ್ಬೇಡ ಅಂತಾನೆ. ಯಾರಪ್ಪ ಅಳೆಯೋರು ಅಂದೆ. ಬರ್ತಾರೆ ಇರು, ಅಂದ."

ಬಾಗಿಲಲ್ಲಿ ಕೂತಿದ್ದ ಯಾರೋ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದು ಹೂಳೋಕೆ ಬಂದರೂ ಹೋಗಲಿಲ್ಲ ನೋಡು ಎಂದು ನಕ್ಕು, ಸಾವಿನ ಮನೆಯೆಂಬುದು ನೆನಪಾಗಿ ಕೆಮ್ಮಿದರು.

ಮುದುಕಿ ನಗಲಿಲ್ಲ. ಎಡಚ ಬಂದಿದ್ದಾನೆ ಎಂಬುದೇ ಅವಳಿಗೆ ತಿಳಿದದ್ದು ಆಗ. ಅವನಿಗೆ ಹೇಳಿಕಳಿಸಲು ಅವಳಿಗೆ ಮುಖವಿರಲಿಲ್ಲ. ಹಿಂದಿನ ಬೀದಿಯಲ್ಲೇ ಅವನ ಮನೆ. ಅವನೂ ಅವಳ ಗಂಡನೂ ನಲ್ಲಿಯ ಹತ್ತಿರ ಎದುರಾದರೆ, ಕೊಡ ತುಂಬುವವರೆಗೆ ಒಬ್ಬ ಆ ಕಡೆ, ಒಬ್ಬ ಈ ಕಡೆ ನೋಡುತ್ತ ಮೂವತ್ತು ವರ್ಷ ನಿಂತವರು. ತಪ್ಪು ಅವಳ ಗಂಡನದೆಂದು ಎಡಚ ನಂಬಿದ್ದ. ಯಾರದೆಂದು ಗಂಡನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಈಗ ಗೊತ್ತಿದ್ದವಳು ಅವಳೊಬ್ಬಳೇ. ಮಣ್ಣು ಮುಚ್ಚುವ ಮೊದಲು ಹೇಳದಿದ್ದರೆ ಗಂಡ ಮೋಸಗಾರನೆನಿಸಿಕೊಂಡೇ ಒಳಗೆ ಹೋಗುತ್ತಾನೆ.

"ನಾನೇ ಹೋಗಿ ಅಳೆದು ಬರ್ತೀನಿ," ಎಂದು ಎದ್ದಳು. ದುಃಖದಲ್ಲಿ ಅಮ್ಮನಿಗೆ ತಲೆ ನಿಲ್ಲುತ್ತಿಲ್ಲವೆಂದುಕೊಂಡು ಮಗಳು ಹಿಂದೆಯೇ ಹೊರಟಳು; ಗೇಟಿನವನೂ ಜೊತೆಗೆ ಬಂದ.

*

ಆ ದಿನಗಳನ್ನು ನೆನೆದರೆ ಅವಳಿಗೆ ಮೊದಲು ಕಾಣುವುದು ಬಿಸಿಲ್ಗುದುರೆ. ಅದರೊಳಗೆ ಅರ್ಧ ಕರಗಿದ ಮಣ್ಣಿನ ಏರಿ, ಏರಿಯ ಮೇಲೆ ಇರುವೆ ಸಾಲಿನಂತೆ ಬುಟ್ಟಿ ಹೊತ್ತ ಹೆಂಗಸರು. ರೈಲು ಹೇಗಿರುತ್ತದೆಂದು ಅವರಲ್ಲಿ ಯಾರೂ ಕಂಡವರಲ್ಲ. ಬರುತ್ತದಂತೆ ಎಂಬ ಒಂದು ಮಾತಿನ ಮೇಲೆ ಸಾವಿರ ಜನ ಮಣ್ಣು ಸುರಿಯುತ್ತಿದ್ದರು.

ಗಂಡಸರು ಪಕ್ಕದ ಗುಂಡಿಗಳಲ್ಲಿ ಅಗೆಯುವವರು. ಪ್ರತಿ ಗುಂಡಿಯ ನಡುವೆ ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಡಬೇಕು. ಅದರ ನೆತ್ತಿಯ ಹುಲ್ಲೂ ಇದ್ದಂತೆಯೇ ಇರಬೇಕು. ವಾರಕ್ಕೊಮ್ಮೆ ಅಳತೆ ಮೇಸ್ತ್ರಿ ಬಂದು ಆ ಹುಲ್ಲಿನಿಂದ ತಳದವರೆಗೆ ಕೋಲು ಹಿಡಿದು ಎಷ್ಟು ಆಳ ಅಗೆದರೆಂದು ನೋಡುತ್ತಿದ್ದ. ಅದಾದ ಮೇಲೆಯೇ ಕಂಬ ಕೆಡವುವುದು. ಆಳ ಸಾಲದಿದ್ದರೆ ಆ ಗುಂಡಿಯವರು ಗಂಟುಮೂಟೆ ಕಟ್ಟಬೇಕು. ಸಂಜೆ ಜನ ಹೋದ ಮೇಲೆ ಆ ಕಂಬಗಳು ತಲೆಯ ಮೇಲೆ ಹುಲ್ಲು ಹೊತ್ತು, ಯಾರಾದರೂ ಕರೆದಾರೆಂದು ಕಾದವರ ಹಾಗೆ ನಿಂತಿರುತ್ತಿದ್ದವು.

ಗಂಡನದೂ ಎಡಚನದೂ ಒಂದೇ ಗುಂಡಿ. ಒಬ್ಬ ಬಲಗೈ, ಇನ್ನೊಬ್ಬ ಎಡಗೈ. ಎರಡು ತುದಿಯಿಂದ ಅಗೆಯುತ್ತ ಬಂದರೆ ಒಂದೇ ಮೈಯ ಎರಡು ಕೈ ಎನ್ನುತ್ತಿದ್ದರು ಜನ. ಆ ವಾರ ಇಬ್ಬರೂ ಜ್ವರ ಬಂದು ಮೂರು ದಿನ ಮಲಗಿದರು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಕೆಲಸ ಬಿಡಿಸಿದರೆ ಎಲ್ಲಿಗೆ ಹೋಗುವುದು? ಅಳತೆಯ ದಿನ ಮಂಜು ಏಳುವ ಮೊದಲೇ ಗುಂಡಿಗಿಳಿದು, ಕಂಬದ ನೆತ್ತಿಯ ಹುಲ್ಲು ಎತ್ತಿ, ಆಳ ಹೆಚ್ಚು ಕಾಣಲೆಂದು ಒಂದು ಗೇಣು ಹಸಿಮಣ್ಣು ಮೆತ್ತಿ, ಮತ್ತೆ ಹುಲ್ಲು ಕೂರಿಸಿದಳು. ನಿದ್ದೆಯಲ್ಲಿ ಯಾರೋ ಮಾಡಿಸಿದ ಹಾಗಿತ್ತು.

ಮೇಸ್ತ್ರಿ ಕೋಲಿನ ತುದಿಯಿಂದ ಒಮ್ಮೆ ನೂಕಿದ. ನೆತ್ತಿ ಟೋಪಿಯ ಹಾಗೆ ಜಾರಿ ಬಿತ್ತು. ಯಾರ ಕೆಲಸ ಎಂದು ಕೇಳಿದಾಗ ಎಡಚ ಗೆಳೆಯನ ಕಡೆ ನೋಡಿದ. ಗೆಳೆಯ ಹೆಂಡತಿಯ ಉಗುರಿನಲ್ಲಿ ಸಿಕ್ಕಿದ್ದ ಹುಲ್ಲೆಳೆ ನೋಡಿ, ಆಮೇಲೆ ನೆಲ ನೋಡಿದ. ಕಂಬಕ್ಕೆ ಹತ್ತಿರ ನಿಂತಿದ್ದವನು ಎಡಚ. ಮೋಸ ಇವನದೇ ಎಂದು ಮೇಸ್ತ್ರಿ ಅವನ ಗುದ್ದಲಿ ಕಿತ್ತು ಏರಿಯಾಚೆ ಎಸೆದು, ಅವನೊಬ್ಬನನ್ನೇ ಕೆಲಸದಿಂದ ಬಿಡಿಸಿದ. ಅಂದು ಹೋದ ಎಡಚ ಐದು ವರ್ಷ ಊರೂರು ಅಲೆದು ಬಂದ.

ಮಗು ಆಗಲಿ, ಆಮೇಲೆ ಹೇಳೋಣ ಎಂದಿದ್ದ ಗಂಡ. ಮಗು ಆಯಿತು. ಅದು ನಡೆಯುವಂತಾಗಲಿ ಎಂದಾಯಿತು. ಆಮೇಲೆ ಅದರ ಮದುವೆ ಮುಗಿಯಲಿ ಎಂದಾಯಿತು.

*

ಎಡಚ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವಳನ್ನು ಕಂಡು ನಾಚಿದವನಂತೆ ಕಂಬದ ಕಡೆ ಕೈ ಮಾಡಿದ.

"ಕೈ ತಾನಾಗೇ ಬಿಟ್ಬಿಡ್ತು ತಂಗಿ. ಅಗೀತಾ ಅಗೀತಾ, ಅವನೂ ಆ ತುದಿಯಿಂದ ಬರ್ತಿದ್ದಾನೆ ಅನ್ನಿಸ್ತು."

ಅವಳೂ ಗುಂಡಿಯ ಅಂಚಿನಲ್ಲಿ ಕೂತಳು.

"ಅಣ್ಣ, ಅವತ್ತು ಮಣ್ಣು ಮೆತ್ತಿದ್ದು ಅವರಲ್ಲ. ನಾನು."

ಅಂದು ಹೊಟ್ಟೆಯಲ್ಲಿದ್ದವಳು ಅಮ್ಮನ ತೋಳು ಹಿಡಿದಿದ್ದ ಕೈ ಸಡಿಲಿಸಿದಳು. ಎಡಚ ಹಿಮ್ಮಡಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದ.

"ಅವನಿಗೆ ಗೊತ್ತಿತ್ತಾ?"

"ಆ ಗಳಿಗೇಲೇ ಗೊತ್ತಾಯ್ತು. ನನ್ನ ಹೊಟ್ಟೆ ನೋಡಿ ಬಾಯಿ ಕಟ್ಕೊಂಡ್ರು."

"ನಾನು ಬಾಯಿಗೆ ಬಂದಂಗೆ ಬೈದಿದ್ದೀನಲ್ಲ ಅವನಿಗೆ. ನಲ್ಲಿ ಹತ್ರ, ನಾಯಿಗೆ ಬೈಯೋ ನೆಪದಲ್ಲಿ."

"ಬಂದು ಹೇಳೋರು. ಇವತ್ತು ನಾಯಿಗೆ ಹೊಸ ಬೈಗುಳ ಸಿಕ್ತು ಕಣೇ, ಅಂತ."

ಎಡಚ ಗುಂಡಿಗಿಳಿದ. ಎಡಗೈಯಲ್ಲಿ ಗುದ್ದಲಿ ಎತ್ತಿ ಕಂಬದ ಬುಡಕ್ಕೆ ಹಾಕಿದ. ಅದು ಹುಲ್ಲಿನ ಸಮೇತ ಪಕ್ಕಕ್ಕೆ ಒರಗಿತು. ಮಣ್ಣನ್ನೆಲ್ಲ ಮೇಲೆ ಹಾಕಿ, ತಳವನ್ನು ಅಂಗೈಯಿಂದ ಸವರಿ ಸಮ ಮಾಡಿದ. ಹೊತ್ತಾಯಿತು, ಇನ್ನೇನು ಅವರನ್ನು ತರುತ್ತಾರೆ, ಬಾ ಎಂದು ಗೇಟಿನವನು ಮೇಲಿನಿಂದ ಕೈ ಚಾಚಿದ.

ಎಡಚ ಕೈ ಹಿಡಿಯಲಿಲ್ಲ. ಗೆಳೆಯರಿಬ್ಬರದೂ ಒಂದೇ ಎತ್ತರ, ಒಂದೇ ಅಗಲದ ಬೆನ್ನು. ಅವನು ಮೆಲ್ಲಗೆ ಕೂತು, ಮೊಣಕೈ ಊರಿ, ತಳದಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಭುಜ ಕದಲಿಸಿದ. ಬೆನ್ನ ಕೆಳಗೆ ಕೈ ತೂರಿಸಿ, ತಡಕಿ, ಕಡಲೆಕಾಳಿನಷ್ಟು ದೊಡ್ಡ ಕಲ್ಲೊಂದನ್ನು ತೆಗೆದು ಮೇಲಕ್ಕೆ ಎಸೆದ. ಮತ್ತೆ ಕಣ್ಣು ಮುಚ್ಚಿ, ಇನ್ನೂ ಎಲ್ಲಾದರೂ ಒತ್ತುತ್ತದೆಯೇ ಎಂದು ಅಲುಗಾಡದೆ ಮಲಗಿದ.