ಮೇಸ್ತ್ರಿಯ ಗುಂಡುಸೂಜಿ

ಮೇಸ್ತ್ರಿಯ ಬಾಯಿಯನ್ನು ಒಂದು ಕಾರಿಗೆ ಜೋಡಿಸಿದ್ದರೆ ಪೆಟ್ರೋಲಿನ ಹಂಗಿಲ್ಲದೆ ಭೂಮಿಯನ್ನು ಎರಡು ಸುತ್ತು ಹಾಕಿ ಬರಬಹುದಿತ್ತು. ಮಗಳದು ತದ್ವಿರುದ್ಧ. ಅವಳಿಂದ ಒಂದು ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ನಟ್ಟು ಬಿಚ್ಚುವುದು ಸುಲಭ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಅಪ್ಪನ ಗ್ಯಾರೇಜಿನಲ್ಲಿ ತಂತಿಗಳ ಕೆಲಸವೆಲ್ಲ ಅವಳದೇ ಆಗಿದ್ದರಿಂದ ಕರೆಂಟಕ್ಕ ಎಂದು ಹೆಸರು ಬಿದ್ದಿತ್ತು. ಹೆಸರಷ್ಟೇ. ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಊಟವೆಂದರೆ ಬಾಯಿಗೆ ಹಾಕಿ ನುಂಗುವ ಒಂದು ಕೆಲಸ. ತಲೆಯ ಮೇಲೆ ಆಕಾಶ ಕಳಚಿ ಬಿದ್ದಿದ್ದರೂ ಅವಳು ತುಂಡುಗಳನ್ನು ಗುಡಿಸಿ ಮೂಲೆಗಿಟ್ಟು ಸ್ಪ್ಯಾನರ್ ಹಿಡಿಯುತ್ತಿದ್ದಳು.

ಆ ಬೆಳಿಗ್ಗೆ ಡ್ರೈವಿಂಗ್ ಶಾಲೆಯ ಮೇಡಂ ಕಾರು ನುಗ್ಗಿಸಿದ ರಭಸಕ್ಕೆ ಗ್ಯಾರೇಜಿನ ಗೋಡೆಯ ಸುಣ್ಣ ಉದುರಿತು.

"ಏನ್ರೀ ಮೇಸ್ತ್ರಿಗಳೇ, ಹೋದ ವಾರ ಮುಂದಿನ ಎಡಗಡೆ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿದ್ರಲ್ಲ. ಗುಂಯ್ ಅನ್ನೋ ಸದ್ದು ಹೋಯ್ತು, ಅದರ ಜಾಗಕ್ಕೆ ಈ ಹಳದಿ ದೀಪ ಬಂದು ಕೂತಿದೆ. ಒಂದು ತೆಗೆಸಿದ್ರೆ ಇನ್ನೊಂದು ಫ್ರೀನಾ?"

"ಅದು ಎಬಿಎಸ್ ದೀಪ ಮೇಡಂ. ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡ್ಕೊಳ್ಳೋದು ಮಲಗಿಬಿಟ್ಟಿದೆ. ಚಕ್ರದ ವೇಗ ಓದೋ ಸೆನ್ಸರ್ ಹೋಗಿರುತ್ತೆ. ಈಗಿನ ಸೆನ್ಸರ್‌ಗಳು ಜೋರಾಗಿ ಸೀನಿದ್ರೂ ಸಾಯ್ತವೆ. ನನ್ನ ಬೇರಿಂಗ್ ಮಾತ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ!"

"ನನಗಿನ್ನೂ ಮದುವೇನೇ ಆಗಿಲ್ಲ."

"ನೋಡಿ, ಅಷ್ಟು ದೂರದ ಗ್ಯಾರಂಟಿ ಬೇರೆ ಯಾರು ಕೊಡ್ತಾರೆ?"

ಮೇಡಂ ನಗಲಿಲ್ಲ. "ನನ್ನ ಹತ್ರ ಕಲಿಯೋರು ಬ್ರೇಕ್ ಒತ್ತಲ್ಲ ರೀ, ಬ್ರೇಕ್ ಮೇಲೆ ಎದ್ದು ನಿಲ್ತಾರೆ. ನಿನ್ನೆ ಒದ್ದೆ ರಸ್ತೆಯಲ್ಲಿ ಒಬ್ಬಳು ಬಸ್ ಸ್ಟಾಪಿನ ಬೆಂಚಿನ ತನಕ ಜಾರಿಸ್ಕೊಂಡು ಹೋದ್ಲು. ಬೆಂಚಿನ ಮೇಲೆ ಒಬ್ಬರು ಅಜ್ಜ ಕೂತಿದ್ರು. ಒಂದು ಗೇಣು, ಅಷ್ಟೇ ಉಳಿದಿದ್ದು."

ಕರೆಂಟಕ್ಕ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚಿ ಮೇಡಂ ಪಕ್ಕದಲ್ಲಿ ಕುಳಿತಳು. ಮೇಡಂ ಬೀದಿಯಲ್ಲಿ ಒಂದು ಸುತ್ತು ಹೊಡೆದರು. ಪರದೆಯ ಮೇಲೆ ಮೂರು ಚಕ್ರಗಳ ವೇಗ ಒಟ್ಟಿಗೆ ಏರಿತು, ಒಟ್ಟಿಗೆ ಇಳಿಯಿತು. ಮುಂದಿನ ಎಡಚಕ್ರ ಮಾತ್ರ ಸೊನ್ನೆಯಿಂದ ಮೇಲೇಳಲಿಲ್ಲ.

ಚಕ್ರ ಬಿಚ್ಚಿದಳು. ಸೆನ್ಸರಿನ ಕನೆಕ್ಟರ್ ಕಿತ್ತು ಮೀಟರ್ ಹಿಡಿದಳು, ಕರೆಂಟು ಸರಿಯಾಗಿ ಬರುತ್ತಿತ್ತು. ಸ್ಟೀರಿಂಗನ್ನು ಆ ತುದಿಗೊಮ್ಮೆ ಈ ತುದಿಗೊಮ್ಮೆ ತಿರುಗಿಸಿ ತಂತಿಯನ್ನು ಎಳೆದಳು, ಬಗ್ಗಿಸಿದಳು, ಅಲ್ಲಾಡಿಸಿದಳು. ಬೇರೆ ತಂತಿಯಾಗಿದ್ದರೆ ಆ ಹಿಂಸೆಗೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಿತ್ತು. ಇದು ಎಲ್ಲಿಯೂ ತುಂಡಾಗಿರಲಿಲ್ಲ. ಕೊನೆಗೆ ಎಡಗಡೆಯ ಸೆನ್ಸರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಿದಳು. ಎಡಚಕ್ರ ಆಗಲೂ ಸೊನ್ನೆ. ಸತ್ತಿದೆ ಎಂದು ಅಪ್ಪ ಹೇಳಿದ್ದ ಸೆನ್ಸರ್ ಬಲಗಡೆ ಕುಳಿತು ಲಕ್ಷಣವಾಗಿ ವೇಗ ಓದುತ್ತಿತ್ತು.

ಉಳಿದಿದ್ದು ಬೇರಿಂಗ್ ಒಂದೇ.

ಆ ಕಾರಿನ ಬೇರಿಂಗಿಗೆ ಒಂದು ಮಗ್ಗುಲಲ್ಲಿ ಮಾತ್ರ ಅಯಸ್ಕಾಂತದ ತೆಳುವಾದ ಬಳೆ ಇರುತ್ತದೆ. ಅದು ತಿರುಗುವುದನ್ನು ನೋಡಿಯೇ ಸೆನ್ಸರ್ ವೇಗ ಹೇಳುವುದು. ನೋಡಲು ಎರಡು ಮಗ್ಗುಲೂ ಅವಳಿಜವಳಿ. ತಿರುಗಿಸಿ ಹಾಕಿದರೂ ಚಕ್ರ ಬೆಣ್ಣೆಯಂತೆ ಉರುಳುತ್ತದೆ, ಸೆನ್ಸರ್ ಮಾತ್ರ ಕುರುಡಾಗುತ್ತದೆ. ಮಗ್ಗುಲು ಗುರುತಿಸಲು ಮೇಸ್ತ್ರಿಯದೇ ಒಂದು ವಿದ್ಯೆಯಿತ್ತು. ಕಣ್ಣು ಮುಚ್ಚಿ, ಎರಡು ಬೆರಳ ತುದಿಯಲ್ಲಿ ಗುಂಡುಸೂಜಿ ಹಿಡಿದು ಬೇರಿಂಗಿನ ಬಳಿ ತರುತ್ತಿದ್ದ. ಅಯಸ್ಕಾಂತ ಸೂಜಿಯನ್ನು ಇಷ್ಟೇ ಇಷ್ಟು ಜಗ್ಗುತ್ತಿತ್ತು, ಇರುವೆ ಮೀಸೆ ತಿರುವಿದಷ್ಟು. ಅಷ್ಟು ಸಾಕಿತ್ತು ಅವನಿಗೆ. ಕಣ್ಣು ಬಿಟ್ಟು ಮಾಡುವುದು ಅವಮಾನ ಎಂದೇ ತಿಳಿದಿದ್ದ. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು.

ಕರೆಂಟಕ್ಕ ಸೂಜಿಯೊಂದನ್ನು ದಾರಕ್ಕೆ ಕಟ್ಟಿ ಸೆನ್ಸರಿನ ತೂತಿನೊಳಗೆ ಇಳಿಬಿಟ್ಟಳು. ಸೂಜಿ ಯಾವ ಕಡೆಗೂ ವಾಲಲಿಲ್ಲ. ಅಯಸ್ಕಾಂತ ಆ ಮಗ್ಗುಲಲ್ಲಿ ಇರಲೇ ಇಲ್ಲ.

ಮುಖ್ಯ ರಸ್ತೆಯ ಅಂಗಡಿಯಿಂದ ಹೊಸ ಬೇರಿಂಗ್ ತಂದು, ಹಿಂದಿನ ಕೋಣೆಯಲ್ಲಿದ್ದ ಅಪ್ಪನ ಮುಂದೆ ಇಟ್ಟಳು. "ಅಪ್ಪಾ, ಯಾವ ಕಡೆ ಅಂತ ನೋಡಿ ಹೇಳು."

"ಇದನ್ನ ನಿದ್ದೆಯಲ್ಲೂ ಹೇಳ್ತೀನಿ ಕಣೇ." ಮೇಸ್ತ್ರಿ ಸೂಜಿ ತೆಗೆದುಕೊಂಡ, ಕಣ್ಣು ಮುಚ್ಚಿದ, ಗಲ್ಲ ಮೇಲೆತ್ತಿದ. ಬೆರಳುಗಳನ್ನು ಬೇರಿಂಗಿನ ಸುತ್ತ ಆಡಿಸಿದ. ಮಗುಚಿದ, ಮತ್ತೆ ಆಡಿಸಿದ. "ಈ ಕಡೆ. ನೂರಕ್ಕೆ ಸಾವಿರ."

ಬೆರಳುಗಳ ನಡುವೆ ಏನೂ ಇರಲಿಲ್ಲ. ಸೂಜಿ ಆಗಲೇ ಜಾರಿ ನೆಲಕ್ಕೆ ಬಿದ್ದಿತ್ತು.

"ಅಪ್ಪಾ, ಕಣ್ಣು ಬಿಡು."

ಬಿಟ್ಟ. ತನ್ನ ಬೆರಳುಗಳನ್ನು ನೋಡಿದ, ನೆಲ ನೋಡಿದ. "ಯಾವಾಗ ಬಿತ್ತು?"

"ನೀನು ಕಣ್ಣು ಮುಚ್ಚಿದ ಕೂಡಲೇ."

ಭೂಕಂಪವಾದರೂ ಬಾಯಿ ಮುಚ್ಚದ ಮನುಷ್ಯ ಬಾಯಿ ಮುಚ್ಚಿದ. ಗ್ಯಾರೇಜು ಎಷ್ಟು ನಿಶ್ಶಬ್ದವಾಯಿತೆಂದರೆ, ಪಕ್ಕದ ಬೀದಿಯಲ್ಲಿ ಯಾರೋ ತಲೆ ಬಾಚಿಕೊಳ್ಳುವುದು ಕೇಳಿಸುತ್ತಿತ್ತು.

"ಮೊದಲು ಚಳಿಗೆ ಬೆರಳು ಮರಗಟ್ಟಿದೆ ಅಂದ್ಕೊಂಡೆ," ಎಂದ ಕೊನೆಗೆ. "ಆಮೇಲೆ ಗ್ರೀಸ್ ಅಂಟಿದೆ ಅಂದ್ಕೊಂಡೆ. ಎಷ್ಟು ತೊಳೆದ್ರೂ ಹೋಗ್ಲಿಲ್ಲ. ನಿಮ್ಮಮ್ಮ ಇದ್ದಿದ್ರೆ ಬೈದು ಡಾಕ್ಟರ್ ಹತ್ರ ಎಳ್ಕೊಂಡು ಹೋಗಿರೋಳು."

ಈಗಲಾದರೂ ಅಳು ಬಂದೀತೆಂದು ಮಗಳು ಕಾದಳು. ಬರಲಿಲ್ಲ. ಮೇಡಂಗೆ ಸುಳ್ಳು ಹೇಳಿದರೆ ಅಪ್ಪನ ಕೆಲಸ ಉಳಿಯುತ್ತದೆ, ಇನ್ಯಾರದೋ ಕಾರಿಗೆ ಇದೇ ಬೆರಳುಗಳು ಬೇರಿಂಗ್ ಹಾಕುತ್ತವೆ. ಎರಡನ್ನೂ ತಣ್ಣಗೆ, ಮೀಟರಿನ ಅಂಕಿ ನೋಡಿದಂತೆ ನೋಡಿದಳು.

"ಮೇಡಂಗೆ ಸೆನ್ಸರ್ ಹೋಗಿತ್ತು ಅಂದ್ಬಿಡೋಣ್ವಾ?" ಮೇಸ್ತ್ರಿ ಮೆಲ್ಲಗೆ ಕೇಳಿದ.

"ಬೇಡ ಅಪ್ಪಾ. ಇನ್ಮೇಲೆ ಬೇರಿಂಗ್, ಬ್ರೇಕು ನಾನು ನೋಡ್ಕೋತೀನಿ. ಹೋಗಿ ಹೇಳು. ನನಗೆ ಮಾತಾಡಕ್ಕೆ ಬರಲ್ಲ."

ಅವನು ಎದ್ದು ಹೊರಗೆ ಹೋದ. ಕರೆಂಟಕ್ಕ ಹಳೆಯ ಬೇರಿಂಗನ್ನು ಪ್ರೆಸ್ಸಿಗಿಟ್ಟು ಹೊರದೂಡುತ್ತ ಕೇಳಿಸಿಕೊಂಡಳು.

"ತಪ್ಪು ನನ್ನದೇ ಮೇಡಂ. ಬೇರಿಂಗನ್ನ ಉಲ್ಟಾ ಹಾಕಿದ್ದೆ. ಆದ್ರೆ ನೋಡಿ, ಅಷ್ಟು ಅಚ್ಚುಕಟ್ಟಾಗಿ ಉಲ್ಟಾ ಹಾಕೋಕೆ ಈ ಭೂಮಂಡಲದಲ್ಲಿ ಇನ್ನೊಬ್ಬ ಹುಟ್ಟಿಲ್ಲ!"

"ಆ ಅಜ್ಜನಿಗೆ ಬಂದು ಹೇಳಿ ಇದನ್ನ."

"ಹೇಳ್ತೀನಿ. ಕಾಲಿಗೂ ಬೀಳ್ತೀನಿ." ದನಿ ತಗ್ಗಿತು. "ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಮೇಡಂ. ಇನ್ಮೇಲೆ ಕೈಕೆಲಸ ಎಲ್ಲ ನನ್ನ ಮಗಳದು."

ಮೇಡಂ ಪಕ್ಕದ ಸ್ಟೂಲನ್ನು ಅವನ ಕಡೆಗೆ ಸರಿಸಿದರು.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಚಕ್ರಗಳ ಅಂಕಿಯೂ ಒಟ್ಟಿಗೆ ಏರಿತು, ಹಳದಿ ದೀಪ ಆರಿತು. ಮೇಡಂ ಹೊರಟು ಹೋದರು. ಕರೆಂಟಕ್ಕನಿಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಒಳಗೆ ಬಂದು ನೋಡಿದರೆ ಅಪ್ಪ ಕೆಲಸದ ಅಂಗಿ ಕಳಚಲು ಹೋಗಿ, ಗುಂಡಿ ಬಿಚ್ಚಲಾರದೆ ನಿಂತಿದ್ದ.

"ಈ ಗುಂಡಿ ಹೊಲಿದವನ ಕೈಗೆ..." ಎಂದು ಶುರುಮಾಡಿದವನು ಅಷ್ಟಕ್ಕೇ ನಿಲ್ಲಿಸಿದ.

ಅವಳು ಹತ್ತಿರ ಹೋಗಿ ಮೇಲಿನಿಂದ ಒಂದೊಂದಾಗಿ ಬಿಚ್ಚಿದಳು. "ನಾಳೆ ಡಾಕ್ಟರ್ ಹತ್ರ ಹೋಗೋಣ," ಎಂದಳು. ಅವನು ತಲೆಯಾಡಿಸಿದ. ಕೊನೆಯ ಗುಂಡಿಗೆ ದಾರ ಸುತ್ತಿಕೊಂಡಿತ್ತು. ಅದನ್ನೂ ಎಳೆಎಳೆಯಾಗಿ ಬಿಡಿಸಿದಳು.