ಸರಿಪಾಲು

ಹೆಂಡತಿ ತೀರಿಕೊಂಡ ಮೇಲೆ ಲಿಫ್ಟ್ ರಿಪೇರಿಯವನು ಯಂತ್ರದ ತಾಯಿಯನ್ನು ಮನೆಗೆ ತಂದದ್ದು ಮಕ್ಕಳಿಗಾಗಿ. ಮುಖ, ದನಿ, ನಡಿಗೆ ಎಲ್ಲ ಸತ್ತವಳದೇ. ಪಕ್ಕದ ಮನೆಯವರು ಮೊದಲ ದಿನ ಕಂಡು ಬೆಚ್ಚಿಬಿದ್ದರು, ಮಾರನೆಯ ದಿನ ಅವಳ ಹತ್ತಿರವೇ ಒಂದು ಲೋಟ ಸಕ್ಕರೆ ಕೇಳಿ ಇಸಿದುಕೊಂಡು ಹೋದರು. ಮನುಷ್ಯರ ಬುದ್ಧಿ ಅಷ್ಟೇ. ಮೋಸ ಹೋಗದವನು ಚಿಕ್ಕವನೊಬ್ಬನೇ. ಇನ್ನೂ ಶಾಲೆಯ ಮುಖ ಕಾಣದ ಹುಡುಗ, ಅವಳು ತುತ್ತು ಹಿಡಿದು ಬಂದರೆ ಹಲ್ಲು ಕಚ್ಚಿ ಗೋಡೆಯ ಕಡೆ ಹೊರಳುತ್ತಿದ್ದ. ಅಪ್ಪ ಕುಡಿಸಿದ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೈಕಾಲು ಕಡ್ಡಿಯಾಗಿದ್ದವು. ಹೀಗೇ ಆದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಕಂಪನಿಗೆ ಫೋನು ಮಾಡಿ ಗೋಗರೆದ. ಅಲ್ಲಿಂದ ಬಂದ ತಂತ್ರಜ್ಞೆ ಯಂತ್ರವನ್ನು ಕುರ್ಚಿಯಲ್ಲಿ ಕೂರಿಸಿ, ಕತ್ತಿನ ಹಿಂದಿನ ಮುಚ್ಚಳ ತೆಗೆದು ನೋಡಿದಳು.

"ಇದರಲ್ಲೇನೂ ತೊಂದರೆ ಇಲ್ಲ," ಎಂದಳು. "ನೀವೇ ಏನಾದ್ರೂ ಬಿಟ್ಟಿದೀರಾ ನೋಡಿ. ಹೋದವರ ಬಗ್ಗೆ ಎಲ್ಲರೂ ಒಳ್ಳೇದನ್ನಷ್ಟೇ ಹೇಳ್ತಾರೆ."

ಬಿಟ್ಟಿದ್ದ. ಯಂತ್ರ ಮಾಡಿಸುವಾಗ ಕಂಪನಿಗೆ ಹೆಂಡತಿಯ ಹಾಡು, ತಮಾಷೆ, ಹಣೆ ಮುಟ್ಟಿ ಜ್ವರ ನೋಡುವ ರೀತಿ ಎಲ್ಲ ಹೇಳಿದವನು ಒಂದನ್ನು ನುಂಗಿಕೊಂಡಿದ್ದ. ಅವಳಿಗೆ ಮಗನೆಂದರೆ ಪ್ರಾಣ, ಮಗಳನ್ನು ಕಂಡರೆ ಆಗುತ್ತಿರಲಿಲ್ಲ. ಯಾಕೆಂದು ಅವಳಿಗೇ ಗೊತ್ತಿತ್ತೋ ಇಲ್ಲವೋ. ಹಾಲಿನ ಕೆನೆ ಅವನಿಗೆ, ಪಾತ್ರೆ ಉಜ್ಜುವುದು ಇವಳಿಗೆ. ಅವನು ಎಡವಿದರೂ ಬೈಗುಳ ಇವಳಿಗೇ.

ಈ ಯಂತ್ರವೋ, ಬೇಯಿಸಿದ ಮೊಟ್ಟೆಯನ್ನು ದಾರದಿಂದ ಕತ್ತರಿಸಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದಂತೆ ಇಬ್ಬರಿಗೂ ಇಡುತ್ತಿತ್ತು. ದೊಡ್ಡವಳ ಕೆನ್ನೆ ತುಂಬಿಕೊಂಡಿತ್ತು. ಅವಳು ತನ್ನಷ್ಟಕ್ಕೆ ಗುನುಗುವುದನ್ನು ಅಪ್ಪ ಮೊದಲ ಸಲ ಕೇಳಿದ್ದ. ಚಿಕ್ಕವನ ಲೆಕ್ಕವೇ ಬೇರೆ. ಅಕ್ಕನನ್ನೂ ಮಡಿಲಿಗೆ ಕರೆಯುವವಳು ತನ್ನ ಅಮ್ಮ ಹೇಗಾದಾಳು?

ಅಪ್ಪ ತಲೆತಗ್ಗಿಸಿಕೊಂಡೇ ಎಲ್ಲ ಹೇಳಿದ. "ಮಗನ ಮೇಲೆ ಪ್ರೀತಿ ಜಾಸ್ತಿ ಮಾಡಿದ್ರೆ ಸಾಕಾಗಲ್ವಾ? ಮಗಳ ತಂಟೆ ಬೇಡ."

"ಸಾಕಾಗಲ್ಲ. ಇಬ್ಬರಲ್ಲಿ ಒಬ್ಬರಿಗೆ ಕಡಿಮೆ ಆಗಲೇಬೇಕು. ಇಲ್ದಿದ್ರೆ ಅವನಿಗೆ ಗೊತ್ತಾಗತ್ತೆ."

ಅವನು ಮಗಳನ್ನು ಅಡುಗೆಮನೆಗೆ ಕರೆದು ಹೇಳತೊಡಗಿದ. ಅರ್ಧ ಹೇಳುವಷ್ಟರಲ್ಲೇ ಅವಳಿಗೆ ಅರ್ಥವಾಯಿತು.

"ಹಾಗೆ ಮಾಡಿದ್ರೆ ತಮ್ಮ ತಿಂತಾನಾ?"

"ತಿನ್ನಬಹುದು ಮಗಳೇ."

"ಹಾಕ್ಸಿಬಿಡಪ್ಪ," ಎಂದವಳು ಸ್ವಲ್ಪ ಹೊತ್ತು ಬಾಗಿಲ ಚಿಲಕ ಕೆರೆಯುತ್ತ ನಿಂತಳು. "ಅದಕ್ಕೆ ಮುಂಚೆ ಒಂದ್ಸಲ ತಲೆ ಬಾಚಿಸ್ಕೊಂಡು ಬರ್ಲಾ?"

ತಂತ್ರಜ್ಞೆ ಮುಚ್ಚಳ ಹಾಕಿ ಕಾದಳು. ಯಂತ್ರ ಸಿಕ್ಕು ಬಿಡಿಸಿ, ನೋಯದಂತೆ ಬಾಚಿ, ಜಡೆ ಹೆಣೆದು, ಕೆನ್ನೆ ಸವರಿತು. ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ತಾನೇ ಎದ್ದು ಪಕ್ಕಕ್ಕೆ ಸರಿದಳು.

ಕೆಲಸ ಮುಗಿಯಿತು. ಯಂತ್ರ ಕಣ್ಣು ಬಿಟ್ಟು ಮಗಳನ್ನು ಮೇಲಿಂದ ಕೆಳಗೆ ನೋಡಿತು. "ಗರ ಬಡಿದವಳ ಹಾಗೆ ನಿಂತಿದೀಯಲ್ಲ, ಮಗೂಗೆ ಹಾಲು ಯಾರು ತರ್ತಾರೆ?"

ಗೋಡೆಯ ಕಡೆ ಮಲಗಿದ್ದ ಚಿಕ್ಕವನು ಹೊರಳಿ ನೋಡಿದ. ಏಳಲಾಗದೆ ತೆವಳಿಕೊಂಡು ಬಂದು ಆ ಮಡಿಲು ಸೇರಿದ. ಅಕ್ಕ ತಂದ ಹಾಲನ್ನು ಯಂತ್ರದ ಕೈಯಿಂದ ಕುಡಿದ, ಇನ್ನೂ ಬೇಕೆಂದ. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಮತ್ತೆ ಹಾಲು ತರಲು ಹೋದ ಮಗಳ ಹಿಂದೆಯೇ ಅವನು ಅಡುಗೆಮನೆಗೆ ಓಡಿದ. ಅವಳು ಬಿಕ್ಕುತ್ತ ಹಾಲು ಕಾಯಿಸುತ್ತಿದ್ದಳು.

"ಅವನು ಸ್ವಲ್ಪ ಚೇತರಿಸ್ಕೊಳ್ಳಲಿ, ತೆಗೆಸಿಬಿಡ್ತೀನಿ. ನಿನ್ನಾಣೆ."

"ಬೇಡಪ್ಪ." ಅವಳು ಮೂಗು ಒರೆಸಿಕೊಂಡಳು. "ಇಷ್ಟು ದಿನ ಇದ್ದವಳು ಒಳ್ಳೆಯವಳು. ಆದ್ರೆ ಅವಳು ಯಾರೋ. ಅಮ್ಮ ಈಗ ಬಂದಿದಾಳೆ."

"ಏಯ್, ಇನ್ನೂ ಆಗ್ಲಿಲ್ವಾ?" ಒಳಗಿನಿಂದ ಗದರುವ ದನಿ ಬಂತು.

"ಬಂದೆ ಅಮ್ಮಾ," ಎಂದು ಮಗಳು ಲೋಟ ಎತ್ತಿಕೊಂಡು ಓಡಿದಳು. ಯಂತ್ರವನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. ಹೆಂಡತಿ ಬದುಕಿದ್ದಾಗ ಸುಮ್ಮನಿದ್ದಂತೆ ಅಪ್ಪ ಈಗಲೂ ಒಲೆಯ ಮುಂದೆ ಸುಮ್ಮನೆ ನಿಂತ.