ಎರಡೂ ಬದಿಯ ಬಾಗಿಲು

"ಅಂಕಲ್, ಈ ಬದಿಯ ಜನ ಇಳಿಯುವುದು ಎಲ್ಲಿಂದ?"

ಅನ್ವಿತಾ ಕೇಳಿದ್ದೇ ತಡ, ತೃಪ್ತಿ ತಟ್ಟನೆ ಅಪ್ಪನತ್ತ ತಿರುಗಿದಳು. ಮೂಡುಬಿದಿರೆಯ ಅನ್ವಿತಾಳ ಮನೆಯ ಮಹಡಿ ಕೋಣೆಯಲ್ಲಿ ತೃಪ್ತಿಯ ಅಪ್ಪ ಶೇಖರ, ಗೇಣುದ್ದದ ಮಾದರಿ ರೈಲ್‌ಕಾರನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ತನ್ನೊಳಗೇ ಎಂಜಿನ್ ಇರುವ ಒಂಟಿ ಬೋಗಿ ಅದು. ಎಡಮಗ್ಗುಲು ಥೇಟ್ ಈಗಿನ ಕಾಲದ್ದು: ಹಾಲಿನಂಥ ಬಿಳಿ, ನಡುವಿಗೆ ಬೂದು ಪಟ್ಟಿ, ಕಣ್ಣಿಗೆ ಹೊಡೆಯುವ ಎರಡು ಕಿತ್ತಳೆ ಬಾಗಿಲು. ಬಲಮಗ್ಗುಲಲ್ಲಿ ಬಾಗಿಲಿನ ಅಚ್ಚು ಎದ್ದು ಕಾಣುತ್ತಿದ್ದರೂ ಅದರ ಮೇಲೆಯೇ ಬಿಳಿಯೂ ಬೂದೂ ಹಾದುಹೋಗಿದ್ದವು.

ಮೂವತ್ತು ವರ್ಷ ಬಂಟ್ವಾಳದ ಶೆಡ್ಡಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆದವರು ಶೇಖರ. ಬಸ್ಸಿಗೆ ಬಾಗಿಲು ಎಡಕ್ಕೆ ಮಾತ್ರ.

"ಬಸ್ಸು ಅಂತಲೇ ಹೊಡೆದುಬಿಟ್ಟೆ ಮಾರಾಯ್ತಿ," ಅವರು ಮಗಳ ಕಡೆ ತಿರುಗಿ ಪಿಸುಗುಟ್ಟಿದರು.

"ಪುಣ್ಯಕ್ಕೆ ಮುಂದೆ 'ಮಾಣಿ–ಉಜಿರೆ ಎಕ್ಸ್‌ಪ್ರೆಸ್' ಅಂತ ಬೋರ್ಡು ಬರೆಯಲಿಲ್ಲ!" ಅನ್ವಿತಾ ನಕ್ಕಳು. ತೃಪ್ತಿ ಅವಳ ಕಾಲು ತುಳಿದಳು.

ನಗುವ ವಿಷಯವಾಗಿರಲಿಲ್ಲ. ಬಸ್ಸಿನವರೆಲ್ಲ ಬಣ್ಣ ಬಿಟ್ಟು ಸ್ಟಿಕ್ಕರಿಗೆ ಹೋದ ಮೇಲೆ ಎರಡು ವರ್ಷ ಅಪ್ಪ ಬ್ರಷ್ ಹಿಡಿದಿರಲಿಲ್ಲ. ಅಷ್ಟರಲ್ಲಿ ಬಲಗೈ ನಡುಗಲು ಶುರುವಾಯಿತು. ಚಹಾದ ಲೋಟಕ್ಕೂ ಎರಡು ಕೈ ಬೇಕು. ತನ್ನ ತಂದೆಯ ಮಾದರಿ ರೈಲಿಗೆ ಬಣ್ಣ ಹೊಡೆಯುವವರು ಬೇಕೆಂದು ಕ್ಲಾಸಿನಲ್ಲಿ ಅನ್ವಿತಾ ಹೇಳಿದಾಗ, "ನನ್ನಪ್ಪ ಇದ್ದಾರಲ್ಲ!" ಎಂದು ತೃಪ್ತಿ ಜಂಭ ಕೊಚ್ಚಿದ್ದಳು. ಅಂಚಿಗೆ ಟೇಪು ಅಂಟಿಸಿ ಸ್ಪ್ರೇ ಹೊಡೆದರೆ ಕೈ ನಡುಗಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವಳ ಲೆಕ್ಕ. ಬಣ್ಣ ಹೊಡೆದ ಎರಡು ದಿನವೂ ಅಪ್ಪ ಗಡ್ಡ ಬೋಳಿಸಿಕೊಂಡು ಶೆಡ್ಡಿಗೆ ಹೋಗಿದ್ದರು. ಈಗ ಇದು ಕೆಟ್ಟರೆ ಅವರು ಇನ್ನು ಯಾವತ್ತೂ ಬಣ್ಣ ಮುಟ್ಟುವುದಿಲ್ಲ.

ಅನ್ವಿತಾಳ ತಂದೆ ರಾಮಪ್ರಸಾದ್ ಮೆತ್ತಗಿನ ಮನುಷ್ಯ. "ಪರವಾಗಿಲ್ಲ ಶೇಖರಣ್ಣ. ಆ ಬದಿಯನ್ನು ಗೋಡೆಗೆ ಮಾಡಿ ಇಡುವ, ಯಾರಿಗೂ ಕಾಣುವುದಿಲ್ಲ."

ಬೈದಿದ್ದರೆ ವಾಸಿಯಿತ್ತು ಎನ್ನಿಸಿತು ತೃಪ್ತಿಗೆ. ಅಪ್ಪನ ಮುಖ ಸಣ್ಣದಾಯಿತು.

"ಓಡುವ ಗಾಡಿಯನ್ನು ಗೋಡೆಗೆ ಮಾಡಿ ಇಡುವುದು ಎಂತ ಚಂದ?" ಎಂದವರೇ ಶೇಖರ ಚೀಲದಿಂದ ಕಿತ್ತಳೆಯ ಪುಟ್ಟ ಡಬ್ಬಿ ತೆಗೆದರು. ಜತೆಗೊಂದು ಸಪೂರ ಬ್ರಷ್ಷು.

"ಅಪ್ಪ, ಟೇಪು?"

"ತರಲಿಲ್ಲ."

"ನಾಳೆ ಬರುವ ಅಪ್ಪ, ಟೇಪು ಹಿಡ್ಕೊಂಡು..."

"ನೀನು ಸ್ವಲ್ಪ ಸುಮ್ಮನಿರು. ರಾಯರೇ, ಆ ಗುಡ್ಡವನ್ನೊಮ್ಮೆ ಕೊಡಿ."

ರಾಮಪ್ರಸಾದ್ ಹಳಿಗಳ ನಡುವಿನಿಂದ ಥರ್ಮಾಕೋಲಿನ ಗುಡ್ಡವನ್ನು ಎತ್ತಿ ಕೊಟ್ಟರು. ಶೇಖರ ಅದರ ಮೇಲೆ ಮಣಿಕಟ್ಟು ಊರಿ ಕುಳಿತರು. ಗಾಳಿಯಲ್ಲಿ ಬ್ರಷ್ಷಿನ ತುದಿ ನಾಯಿಮರಿಯ ಬಾಲದಂತೆ ಅಲ್ಲಾಡುತ್ತಿತ್ತು. ಬಿಳಿಯ ಮೇಲೆ ಒಂದು ಹನಿ ಬಿದ್ದರೂ ಮುಗಿಯಿತು. ತೃಪ್ತಿಗೆ ಕಣ್ಣು ಮುಚ್ಚಿಕೊಳ್ಳಬೇಕು ಎನ್ನಿಸಿತು, ಮುಚ್ಚಲೂ ಆಗಲಿಲ್ಲ.

ತುದಿ ಬಾಗಿಲಿನ ಅಂಚಿಗೆ ತಾಗಿತು. ತಾಗಿದ್ದೇ ನಡುಕ ನಿಂತಿತು.

ಗೆರೆ ನೆಟ್ಟಗೆ ಇಳಿಯಿತು. ಕೆಳಗೆ ತಿರುಗಿ, ಅಡ್ಡ ಹೋಗಿ, ಮೇಲೇರಿತು. ಒಂದು ಬಾಗಿಲು ತುಂಬಿತು, ಆಮೇಲೆ ಇನ್ನೊಂದು. ಎರಡು ಸಲ ಬಣ್ಣ ಕೊಟ್ಟ ಮೇಲೆ ಶೇಖರ ಬ್ರಷ್ ಕೆಳಗಿಟ್ಟರು. ಕೈ ಮತ್ತೆ ನಡುಗತೊಡಗಿತು. ಅವರು ಅದನ್ನು ಯಾರದೋ ಕೈ ಎಂಬಂತೆ ನೋಡಿದರು.

"ಕೆಲಸಕ್ಕೆ ಹಿಡಿದರೆ ನಿಲ್ತದೆ ಮಗಾ ಇದು."

"ಹಾಂ ಅಪ್ಪ, ನಾನು ನೋಡಿದೆ," ಎಂದ ತೃಪ್ತಿಗೆ ಸುಮ್ಮಸುಮ್ಮನೆ ನಗು ಉಕ್ಕಿತು. ತಡೆದಷ್ಟೂ ಹೆಚ್ಚಾಯಿತು.

ಬಣ್ಣ ಒಣಗಿದ ಮೇಲೆ ರಾಮಪ್ರಸಾದ್ ರೈಲ್‌ಕಾರನ್ನು ಹಳಿಗಿಟ್ಟು ಸ್ವಿಚ್ ಹಾಕಿದರು. ಅದು ರಟ್ಟಿನ ಸ್ಟೇಷನ್ ದಾಟಿ, ಮೇಜಿನ ತಿರುವಿನಲ್ಲಿ ಗುರ್ರೆನ್ನುತ್ತ ಶೇಖರರ ಕಡೆಗೇ ಬಂತು. ಅವರು ಮಗಳ ರಟ್ಟೆ ಹಿಡಿದು ತಮ್ಮತ್ತ ಎಳೆದುಕೊಂಡು, ಬಸ್ಸಿಗೆ ದಾರಿ ಬಿಡುವವರಂತೆ ಒಂದು ಹೆಜ್ಜೆ ಹಿಂದೆ ಸರಿದರು.